ಕೀಳರಿಮೆ ಅನ್ನೋ ಪದದ ಹಿಂದಿನ ಡಾಕ್ಟರ್: ಶಾಲೆಯ ಕೋಣೆಯಲ್ಲೇ ಮಕ್ಕಳ ಮನಸ್ಸಿಗೆ ಮದ್ದು ಹುಡುಕಿದ ಆಡ್ಲರ್

ಕೀಳರಿಮೆ ಅನ್ನೋ ಪದ ಕೇಳದವರು ನಮ್ಮಲ್ಲಿ ಕಡಿಮೆ. ಹುಡುಗ ನಾಲ್ಕು ಜನರ ಮುಂದೆ ಬಾಯಿ ಬಿಡಲ್ಲ ಅಂದ್ರೆ ಅವನಿಗೆ ಕೀಳರಿಮೆ ಅಂತೀವಿ. ಇಂಗ್ಲಿಷ್ ಬರಲ್ಲ ಅಂತ ಕಾಲೇಜಿನಲ್ಲಿ ಕೊನೇ ಬೆಂಚಿಗೆ ಹೋಗಿ ಕೂರುವ ಹುಡುಗಿಗೂ ಅದೇ ಮಾತು. ಅಂಗಡಿ ಕಟ್ಟೆ ಮೇಲೆ, ಪೋಷಕರ ಸಭೆಯಲ್ಲಿ, ಮದುವೆ ಮನೆಯಲ್ಲಿ ಈ ಪದ ದಿನಾ ಓಡಾಡುತ್ತೆ. ಈ ವಿಚಾರವನ್ನು ಜಗತ್ತಿಗೆಲ್ಲ ಮನೆಮಾತು ಮಾಡಿದ ಡಾಕ್ಟರ್ ಯಾರು ಅಂತ ಕೇಳಿದ್ರೆ ಮಾತ್ರ ಹೇಳೋರು ಸಿಗೋದು ಕಷ್ಟ.

ಹೆಸರು ಆಲ್ಫ್ರೆಡ್ ಆಡ್ಲರ್. ಊರು ಆಸ್ಟ್ರಿಯಾ ದೇಶದ ವಿಯೆನ್ನಾ. ತೀರಿಕೊಂಡಿದ್ದು 1937ರಲ್ಲಿ. ಮನಶ್ಶಾಸ್ತ್ರ ಓದಿದವರಿಗೆ ಅವರ ಪುಸ್ತಕಗಳು ಗೊತ್ತಿರುತ್ತವೆ. ಅವರು ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಗೊತ್ತಿಲ್ಲ. ಮಗುವಿನ ಮನಸ್ಸಿಗೆ ಕಷ್ಟ ಬಂದಾಗ ತಂದೆ-ತಾಯಿ, ಮೇಷ್ಟ್ರು, ಡಾಕ್ಟರ್ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ದಾರಿ ಹುಡುಕುವ ಏರ್ಪಾಡನ್ನು ಅವರು ಒಂದು ದೊಡ್ಡ ನಗರದ ಉದ್ದಗಲಕ್ಕೂ ಕಟ್ಟಿದರು. ಪೋಷಕರಿಂದ ಒಂದು ಕಾಸೂ ತೆಗೆದುಕೊಳ್ಳದೆ.

ಧಾನ್ಯ ವ್ಯಾಪಾರಿಯ ಮಗ

ಆಡ್ಲರ್ ಹುಟ್ಟಿದ್ದು 1870ರ ಫೆಬ್ರವರಿ 7ರಂದು, ಆಗ ವಿಯೆನ್ನಾ ಪಕ್ಕದಲ್ಲಿದ್ದ ರುಡಾಲ್ಫ್ಸ್‌ಹೈಮ್ ಎಂಬ ಊರಲ್ಲಿ. ಅಪ್ಪ ಲಿಯೊಪೋಲ್ಡ್ ಕಾಳುಕಡ್ಡಿ ವ್ಯಾಪಾರಿ. ತುಂಬಿದ ಯಹೂದಿ ಕುಟುಂಬ, ಮಕ್ಕಳಲ್ಲಿ ಇವನು ಎರಡನೆಯವನು. ಚಿಕ್ಕಂದಿನಲ್ಲೇ ರಿಕೆಟ್ಸ್ ಬಂತು. ಮೂಳೆ ಗಟ್ಟಿಯಾಗದ ಕಾಯಿಲೆ ಅದು. ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಬೆಂಚಿನ ಮೇಲೆ ಕೂತು, ಅಣ್ಣ ಓಡಾಡಿ ಕುಣಿಯುವುದನ್ನು ನೋಡುವುದೇ ಅವನ ಬಾಲ್ಯವಾಯಿತು.

ನಾಲ್ಕು ವರ್ಷ ತುಂಬುವ ಹೊತ್ತಿಗೆ ಪಕ್ಕದ ಹಾಸಿಗೆಯಲ್ಲೇ ಪುಟ್ಟ ತಮ್ಮ ತೀರಿಕೊಂಡ. ಆಮೇಲೆ ಅವನಿಗೇ ನ್ಯುಮೋನಿಯಾ ಬಂತು. ನೋಡಲು ಬಂದ ಡಾಕ್ಟರ್ ಈ ಹುಡುಗ ಉಳಿಯಲ್ಲ ಅಂತ ಅಪ್ಪನಿಗೆ ಹೇಳಿದ್ದು ಹುಡುಗನ ಕಿವಿಗೇ ಬಿತ್ತು. ಹೇಗೋ ಬದುಕಿಕೊಂಡ. ಬದುಕಿದ ಮೇಲೆ, ದೊಡ್ಡವನಾಗಿ ಡಾಕ್ಟರೇ ಆಗಬೇಕು ಅಂತ ತೀರ್ಮಾನ ಮಾಡಿಕೊಂಡ.

ಶಾಲೆಯಲ್ಲೂ ಕಥೆ ಸುಲಭ ಇರಲಿಲ್ಲ. ಲೆಕ್ಕ ತಲೆಗೆ ಹತ್ತಲಿಲ್ಲ, ಒಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಬೇಕಾಯಿತು. ಇವನನ್ನು ಓದಿನಿಂದ ಬಿಡಿಸಿ ಚಪ್ಪಲಿ ಹೊಲಿಯೋ ಕೆಲಸಕ್ಕೆ ಹಾಕೋದೇ ವಾಸಿ ಅಂತ ಮೇಷ್ಟ್ರು ಅಪ್ಪನಿಗೆ ಸಲಹೆ ಕೊಟ್ಟರು. ಅಪ್ಪ ಕೇಳಲಿಲ್ಲ, ಓದು ಮುಂದುವರಿಸಿದ. ಮುಂದೆ ಒಂದು ದಿನ ಮೇಷ್ಟ್ರಿಗೇ ಬಿಡಿಸಲಾಗದ ಲೆಕ್ಕವನ್ನು ಈ ಹುಡುಗ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದನಂತೆ. ಲೆಕ್ಕದಲ್ಲಿ ಮುಂದಿನವನಾದ. ಆಡ್ಲರ್ ದೊಡ್ಡವರಾದ ಮೇಲೆ ಈ ಕಥೆಯನ್ನು ಹೋದಲ್ಲೆಲ್ಲ ಹೇಳುತ್ತಿದ್ದರು. ತನ್ನ ಬುದ್ಧಿವಂತಿಕೆ ತೋರಿಸೋದು ಅವರ ಉದ್ದೇಶ ಆಗಿರಲಿಲ್ಲ. ಒಬ್ಬ ಮೇಷ್ಟ್ರ ಮಾತು, ಒಬ್ಬ ಅಪ್ಪನ ನಂಬಿಕೆ, ಇವೆರಡರ ನಡುವೆ ಒಂದು ಮಗುವಿನ ಜೀವನ ಹೇಗೆ ತೂಗುತ್ತೆ ಅನ್ನೋದು ಅವರಿಗೆ ಹೇಳಬೇಕಿತ್ತು.

ಟೈಲರ್‌ಗಳ ಬಗ್ಗೆ ಬರೆದ ಡಾಕ್ಟರ್

1895ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿ ಸಿಕ್ಕಿತು. 1897ರಲ್ಲಿ ರಷ್ಯಾದ ರೈಸಾ ಎಪ್‌ಸ್ಟೈನ್ ಜೊತೆ ಮದುವೆ. ರೈಸಾ ಓದಿದವರು, ಸಮಾಜವಾದಿ, ಹೆಂಗಸರ ಹಕ್ಕಿನ ಪರ ಗಟ್ಟಿ ದನಿ. ನಾಲ್ಕು ಮಕ್ಕಳಾದರು: ವ್ಯಾಲೆಂಟೈನ್, ಅಲೆಕ್ಸಾಂಡ್ರಾ, ಕುರ್ಟ್, ಕಾರ್ನೇಲಿಯಾ. ದೊಡ್ಡ ಮಗಳು ವ್ಯಾಲೆಂಟೈನ್‌ಳನ್ನು ಮನೆಯಲ್ಲಿ ವಾಲಿ ಅಂತ ಕರೀತಿದ್ದರು. ಈ ಹೆಸರು ನೆನಪಿರಲಿ, ಕೊನೆಯಲ್ಲಿ ಮತ್ತೆ ಬರುತ್ತೆ.

ಆಡ್ಲರ್ ಪ್ರಾಕ್ಟೀಸ್ ಮಾಡುತ್ತಿದ್ದದ್ದು ಶ್ರೀಮಂತರ ಬಡಾವಣೆಯಲ್ಲಿ ಅಲ್ಲ. ಪ್ರಾಟರ್ ಎಂಬ ದೊಡ್ಡ ಜಾತ್ರೆ ಮೈದಾನದಂಥ ಜಾಗದ ಹತ್ತಿರ ಅವರ ಕ್ಲಿನಿಕ್ ಇತ್ತು. ಸಣ್ಣ ಅಂಗಡಿಯವರು, ಕೂಲಿಯವರು, ಮೈದಾನದಲ್ಲಿ ಸರ್ಕಸ್ ಮಾಡುವವರು ಬರುತ್ತಿದ್ದರು. ಹಗ್ಗದ ಮೇಲೆ ನಡೆಯುವ, ಲಾಗ ಹಾಕುವ ಕಲಾವಿದರಲ್ಲಿ ಕೆಲವರು ಚಿಕ್ಕಂದಿನಲ್ಲಿ ತೀರಾ ಬಡಕಲು ಮೈಯವರಾಗಿದ್ದರು ಅನ್ನೋದನ್ನು ಅವರು ಗಮನಿಸಿದರು. ಎಲ್ಲಿ ಕೊರತೆ ಇದೆಯೋ ಅಲ್ಲೇ ಮನುಷ್ಯ ಹೆಚ್ಚು ಬಲ ಹಾಕ್ತಾನೆ ಅನ್ನೋ ಅವರ ವಿಚಾರಕ್ಕೆ ಇಂಥ ರೋಗಿಗಳೇ ಪಾಠವಾದರು.

1898ರಲ್ಲಿ ಅವರು ಒಂದು ಸಣ್ಣ ಪುಸ್ತಕ ತಂದರು. ವಿಷಯ ಟೈಲರ್‌ಗಳ ಆರೋಗ್ಯ. ಗಾಳಿ ಬೆಳಕಿಲ್ಲದ ಕೋಣೆ, ದಿನವಿಡೀ ಬಗ್ಗಿ ಕೂರುವ ಕೆಲಸ, ಕೆಡುವ ಕಣ್ಣು, ಹಾಳಾಗುವ ಶ್ವಾಸಕೋಶ, ಇವನ್ನೆಲ್ಲ ಬರೆದರು. ಔಷಧಿ ಕೊಟ್ಟರೆ ಸಾಲದು, ಕೆಲಸದ ಜಾಗ ಮತ್ತು ಕಾನೂನು ಬದಲಾಗಬೇಕು ಅಂದರು. ರೋಗಿಯನ್ನು ಒಂಟಿಯಾಗಿ ನೋಡಬಾರದು, ಅವನು ಬದುಕುವ ಜಾಗವನ್ನೂ ನೋಡಬೇಕು. ಮುಂದೆ ಮಕ್ಕಳ ವಿಚಾರದಲ್ಲೂ ಅವರು ಹಿಡಿದದ್ದು ಇದೇ ದಾರಿ.

ಫ್ರಾಯ್ಡ್ ಜೊತೆ ಒಂಬತ್ತು ವರ್ಷ

1902ರಲ್ಲಿ ಸಿಗ್ಮಂಡ್ ಫ್ರಾಯ್ಡ್ ತಮ್ಮ ಮನೆಯಲ್ಲಿ ಬುಧವಾರದ ಚರ್ಚಾಕೂಟ ಶುರು ಮಾಡಿದಾಗ ಕರೆದ ಕೆಲವೇ ಜನರಲ್ಲಿ ಆಡ್ಲರ್ ಒಬ್ಬರು. 1910ರಲ್ಲಿ ವಿಯೆನ್ನಾ ಮನೋವಿಶ್ಲೇಷಣಾ ಸಂಘದ ಅಧ್ಯಕ್ಷರೂ ಆದರು. ಆದ್ರೆ ಇಬ್ಬರ ವಿಚಾರ ಕೂಡಲಿಲ್ಲ. ಮನುಷ್ಯನ ಒಳಗಿನ ಕಾಮದ ಒತ್ತಡವೇ ಮನೋರೋಗಗಳ ಮೂಲ ಅಂತ ಫ್ರಾಯ್ಡ್ ಹೇಳಿದರೆ, ತಾನು ಕಮ್ಮಿ ಅನ್ನೋ ಭಾವನೆ ಮತ್ತು ಅದನ್ನು ಮೀರುವ ಹೋರಾಟ ಮುಖ್ಯ ಅಂತ ಆಡ್ಲರ್ ಹೇಳಿದರು. 1911ರಲ್ಲಿ ಕೆಲವು ಸಂಗಡಿಗರ ಜೊತೆ ಹೊರಗೆ ಬಂದು ಬೇರೆ ಸಂಘ ಕಟ್ಟಿದರು. ಸಂಬಂಧ ಮತ್ತೆ ಕೂಡಲೇ ಇಲ್ಲ.

1915ರಲ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಅವಕಾಶ ಕೇಳಿದ್ದ ಅವರ ಅರ್ಜಿಯೂ ತಿರಸ್ಕೃತವಾಯಿತು. ದೊಡ್ಡ ಬಾಗಿಲು ಮುಚ್ಚಿದ್ದರಿಂದಲೋ ಏನೋ, ಅವರು ತಮ್ಮ ವಿದ್ಯೆಯನ್ನು ಕಾರ್ಮಿಕರ ಸಂಜೆ ಶಾಲೆಗೆ, ಪ್ರೈಮರಿ ಮೇಷ್ಟ್ರುಗಳ ಸಭೆಗೆ ತೆಗೆದುಕೊಂಡು ಹೋದರು. ಫೋಕ್ಸ್‌ಹೈಮ್ ಎಂಬ ಜನರ ಶಿಕ್ಷಣ ಕೇಂದ್ರದಲ್ಲಿ ಕೊಟ್ಟ ಉಪನ್ಯಾಸಗಳೇ ಮುಂದೆ ಮನುಷ್ಯ ಸ್ವಭಾವ ಅರಿಯುವ ಬಗ್ಗೆ ಇರುವ ಅವರ ಹೆಸರಾಂತ ಪುಸ್ತಕವಾಯಿತು. 1927ರಲ್ಲಿ ಅದು ಇಂಗ್ಲಿಷಿಗೂ ಬಂತು.

ಯುದ್ಧ ಮುಗಿದ ಮೇಲೆ

ಮೊದಲ ಮಹಾಯುದ್ಧದಲ್ಲಿ ಆಡ್ಲರ್ ಸೈನ್ಯದ ಡಾಕ್ಟರಾಗಿ ದುಡಿದರು. ಮನಸ್ಸು ಕೆಟ್ಟು ಬಂದ ಸೈನಿಕ ವಾಸಿಯಾದನೋ ಇಲ್ಲವೋ, ಮತ್ತೆ ಯುದ್ಧಕ್ಕೆ ಕಳಿಸಬಹುದೋ ಇಲ್ಲವೋ ಅಂತ ಬರೆದುಕೊಡುವುದು ಅವರ ಕೆಲಸ. ಆ ಕೆಲಸ ಅವರ ನಿದ್ದೆ ಕೆಡಿಸಿತು. ಯುದ್ಧ ಮುಗಿಸಿ ಬಂದ ಮೇಲೆ ಅವರ ಬಾಯಲ್ಲಿ ಒಂದೇ ವಿಚಾರ. ಮನುಷ್ಯನಿಗೆ ಬೇಕಿರುವುದು ಇನ್ನೊಬ್ಬರ ಜೊತೆ ತಾನೂ ಸೇರಿದ್ದೇನೆ ಅನ್ನೋ ಭಾವನೆ, ಅದನ್ನು ಚಿಕ್ಕಂದಿನಲ್ಲೇ ಕಲಿಸಬೇಕು.

1918ರ ವಿಯೆನ್ನಾ ಸೋತ ರಾಜ್ಯದ ರಾಜಧಾನಿ. ಊಟಕ್ಕಿಲ್ಲ, ಸೌದೆಗಿಲ್ಲ, ಎಲ್ಲಿ ನೋಡಿದರೂ ಕ್ಷಯ. ಎಷ್ಟೋ ಮನೆಗಳಲ್ಲಿ ಅಪ್ಪ ಯುದ್ಧದಿಂದ ವಾಪಸ್ಸೇ ಬಂದಿಲ್ಲ. ಬಂದ ಅಪ್ಪನೂ ಮೊದಲಿನಂತಿಲ್ಲ. ಮಕ್ಕಳು ಶಾಲೆ ತಪ್ಪಿಸಿ ಬೀದಿ ಸೇರಿದ್ದರು. ನಗರದ ಆಡಳಿತ 1919ರಲ್ಲಿ ಸೋಷಿಯಲ್ ಡೆಮಾಕ್ರಟ್ ಪಕ್ಷದ ಕೈಗೆ ಬಂತು. ಮನೆ ಕಟ್ಟಿಸುವುದು, ಮಕ್ಕಳ ಆರೋಗ್ಯ ನೋಡಿಕೊಳ್ಳುವುದು, ಶಾಲೆ ಸುಧಾರಣೆ ಅವರ ಮುಖ್ಯ ಕೆಲಸಗಳಾದವು. ಶಾಲಾ ಸುಧಾರಣೆಯ ಮುಂದಾಳು ಒಟ್ಟೊ ಗ್ಲೋಕೆಲ್. ಆಡ್ಲರ್ ಅವರ ಹಳೇ ಗೆಳೆಯ ಕಾರ್ಲ್ ಫುರ್ಟ್‌ಮ್ಯುಲರ್ ಕೂಡ ಈ ಕೆಲಸದಲ್ಲಿದ್ದರು. ಹೀಗೆ ಆಡ್ಲರ್ ಅವರಿಗೆ ಶಾಲೆಯ ಬಾಗಿಲು ತೆರೆಯಿತು.

ಮಕ್ಕಳ ಮಾರ್ಗದರ್ಶನ ಕೇಂದ್ರ ಅನ್ನೋದು ಜಗತ್ತಿಗೆ ಹೊಸದೇನೂ ಆಗಿರಲಿಲ್ಲ. ಅಮೆರಿಕದ ಷಿಕಾಗೊದಲ್ಲಿ 1909ರಲ್ಲೇ ವಿಲಿಯಂ ಹೀಲಿ ಎಂಬ ಡಾಕ್ಟರ್ ಬಾಲ ನ್ಯಾಯಾಲಯದ ಜೊತೆ ಸೇರಿ ಇಂಥ ಕೆಲಸ ಶುರು ಮಾಡಿದ್ದರು. ಅಲ್ಲಿ ಮಗು ಕೋರ್ಟಿನ ಮೂಲಕ ಡಾಕ್ಟರ್ ಹತ್ತಿರ ಬರುತ್ತಿತ್ತು. ಆಡ್ಲರ್ ಅದನ್ನು ಕೋರ್ಟಿಗಿಂತ ಎಷ್ಟೋ ಮುಂಚೆ, ಮಗು ದಿನಾ ಕೂರುವ ಶಾಲೆಯಲ್ಲೇ ಹಿಡಿಯಬೇಕು ಅಂದರು. ಹುಚ್ಚಾಸ್ಪತ್ರೆಯ ಗೇಟು ದಾಟೋಕೆ ಯಾವ ತಾಯಿಗೆ ಧೈರ್ಯ ಬರುತ್ತೆ? ಮಗುವಿನ ಶಾಲೆಗೆ ಬರೋಕೆ ಯಾರಿಗೂ ನಾಚಿಕೆ ಇಲ್ಲ.

ಆ ಕೋಣೆಯಲ್ಲಿ ನಡೆಯುತ್ತಿದ್ದದ್ದು

ಮೊದಲ ಕೇಂದ್ರಗಳು ಯುದ್ಧ ಮುಗಿದ ಒಂದೆರಡು ವರ್ಷದಲ್ಲೇ ಶುರುವಾದವು. 1920ರ ದಶಕದ ಕೊನೆಗೆ ವಿಯೆನ್ನಾದಲ್ಲಿ 25ಕ್ಕೂ ಹೆಚ್ಚು ಇದ್ದವು. ಬಹಳಷ್ಟು ಕೇಂದ್ರಗಳಿಗೆ ಸ್ವಂತ ಕಟ್ಟಡವೇ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಖಾಲಿಯಾಗುವ ಕೋಣೆಯೇ ಕೇಂದ್ರ. ವಾರದಲ್ಲಿ ಒಂದೋ ಎರಡೋ ದಿನ ತೆರೆದಿರುತ್ತಿತ್ತು. ಪೋಷಕರಿಗೆ ಫೀಸಿಲ್ಲ. ಕೂತು ಕೆಲಸ ಮಾಡುವ ಡಾಕ್ಟರ್, ಮೇಷ್ಟ್ರುಗಳಿಗೂ ಸಂಬಳ ಇಲ್ಲ.

ಬರುತ್ತಿದ್ದ ದೂರುಗಳು ನಮಗೆಲ್ಲ ಗೊತ್ತಿರುವಂಥವೇ. ಹುಡುಗ ಸುಳ್ಳು ಹೇಳ್ತಾನೆ, ಕದೀತಾನೆ. ಹುಡುಗಿ ಶಾಲೆ ಅಂದ್ರೆ ಹೊಟ್ಟೆನೋವು ಅಂತಾಳೆ. ತೊದಲು, ಹಾಸಿಗೆ ಒದ್ದೆ ಮಾಡೋದು, ಊಟ ಬಿಡೋದು, ಯಾರ ಜೊತೆಗೂ ಸೇರದಿರೋದು.

ಕೆಲಸಕ್ಕೆ ಒಂದು ಕ್ರಮ ಇತ್ತು. ಮೊದಲು ಮೇಷ್ಟ್ರು ಮಗುವಿನ ಬಗ್ಗೆ ತಾವು ಕಂಡದ್ದನ್ನು ಬರೆದು ತರುತ್ತಿದ್ದರು. ಮನೆಯಲ್ಲಿ ಎಷ್ಟನೇ ಮಗು, ಯಾವಾಗಿನಿಂದ ಹೀಗೆ, ಆಗ ಮನೆಯಲ್ಲಿ ಏನಾಗಿತ್ತು, ಕ್ಲಾಸಿನಲ್ಲಿ ಯಾರ ಪಕ್ಕ ಕೂರುತ್ತೆ, ಹೀಗೆ. ಕೂತವರೆಲ್ಲ ಅದನ್ನು ಚರ್ಚೆ ಮಾಡುತ್ತಿದ್ದರು. ಆಮೇಲೆ ತಾಯಿಯೋ ತಂದೆಯೋ ಒಳಗೆ ಬರುತ್ತಿದ್ದರು. ಅವರಿಗೆ ಬೈಗುಳ ಇಲ್ಲ, ತಪ್ಪು ನಿಮ್ಮದೇ ಅನ್ನೋ ಮಾತಿಲ್ಲ. ಮೊದಲೇ ಸೋತು ಬಂದಿರುವ ತಾಯಿಯನ್ನು ಇನ್ನೂ ಸೋಲಿಸಿ ಕಳಿಸಿದರೆ ಸಂಜೆ ಅದರ ಬಿಸಿ ತಟ್ಟೋದು ಮಗುವಿಗೆ, ಅದು ಆಡ್ಲರ್ ಅವರಿಗೆ ಗೊತ್ತಿತ್ತು. ಕೊನೆಗೆ ಮಗು ಬರುತ್ತಿತ್ತು. ಆಡ್ಲರ್ ಅದರ ಮಟ್ಟಕ್ಕೆ ಇಳಿದು, ಸಮಾನರ ಹಾಗೆ ಮಾತಾಡಿಸುತ್ತಿದ್ದರು.

ಒಂದು ಮಾದರಿ ನೋಡಿ. ಐದಾರು ವರ್ಷದ ಮಗು, ಚೆನ್ನಾಗೇ ಇತ್ತು. ತಮ್ಮ ಹುಟ್ಟಿದ ಮೇಲೆ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿತು. ಮನೆಯವರಿಗೆ ಅದು ಕೆಟ್ಟ ಚಾಳಿ, ಏಟು ಬೀಳುತ್ತೆ. ಆಡ್ಲರ್ ಲೆಕ್ಕದಲ್ಲಿ ಇದು ಪಟ್ಟ ಕಳೆದುಕೊಂಡ ಮಗು. ನಿನ್ನೆಯವರೆಗೆ ಮನೆಗೆಲ್ಲ ತಾನೊಬ್ಬನೇ ರಾಜ, ಇವತ್ತು ತಾಯಿಯ ಮಡಿಲು ಇನ್ನೊಬ್ಬನಿಗೆ ಹೋಗಿದೆ. ರಾತ್ರಿ ತಾಯಿ ಎದ್ದು ಬರಬೇಕು ಅಂದ್ರೆ ಅದಕ್ಕೆ ಗೊತ್ತಿರೋ ದಾರಿ ಇದೊಂದೇ. ಇಂಥ ಕಡೆ ತಾಯಿಗೆ ಒಂದು ಕೆಲಸ: ಹೊಡೆಯೋದು ನಿಲ್ಲಿಸಿ, ದಿನಕ್ಕೆ ಸ್ವಲ್ಪ ಹೊತ್ತು ದೊಡ್ಡ ಮಗುವಿಗೇ ಮೀಸಲಿಡೋದು, ಸಣ್ಣದನ್ನು ನೋಡಿಕೊಳ್ಳೋದ್ರಲ್ಲಿ ಅದನ್ನೂ ಸೇರಿಸಿಕೊಳ್ಳೋದು. ಮೇಷ್ಟ್ರಿಗೆ ಇನ್ನೊಂದು: ಕ್ಲಾಸಿನಲ್ಲಿ ಅದು ಮಾಡಬಲ್ಲ ಒಂದು ಜವಾಬ್ದಾರಿ ಕೊಟ್ಟು, ಮಾಡಿದಾಗ ಗಮನಿಸೋದು. ಇಬ್ಬರೂ ಮತ್ತೆ ಬಂದು ಏನಾಯ್ತು ಅಂತ ಹೇಳಬೇಕು. ಇಲ್ಲಿ ಮಾತ್ರೆಗಿಂತ ದೊಡ್ಡ ಕೆಲಸ ಮಾಡೋದು ಮನೆ ಮತ್ತು ಶಾಲೆ ಒಂದೇ ಮಾತಾಡೋದು. ಮನೆಯಲ್ಲಿ ಮುದ್ದು, ಶಾಲೆಯಲ್ಲಿ ಬೆತ್ತ, ಆಸ್ಪತ್ರೆಯಲ್ಲಿ ಮೂರನೇ ಮಾತು ಆದ್ರೆ ಮಗು ಯಾರನ್ನು ನಂಬಬೇಕು?

ವ್ಯಾಪಾರಸ್ಥರಿಗೆ ಇದು ಬೇಗ ಅರ್ಥ ಆಗುತ್ತೆ. ಗೋಡೌನಿನವನು ಒಂದು ರೇಟು, ಕೌಂಟರಿನವನು ಇನ್ನೊಂದು ರೇಟು ಹೇಳಿದರೆ ಗಿರಾಕಿ ನಿಲ್ಲಲ್ಲ.

ಅತಿ ಮುದ್ದು ಕೂಡ ನಿರ್ಲಕ್ಷ್ಯದಷ್ಟೇ ಹಾನಿ ಅಂತ ಆಡ್ಲರ್ ಪದೇ ಪದೇ ಹೇಳುತ್ತಿದ್ದರು. ಎಲ್ಲ ಕೆಲಸವನ್ನೂ ತಾಯಿಯೇ ಮಾಡಿಕೊಟ್ಟ ಮಗುವಿಗೆ, ತನ್ನ ಕೈಲಿ ಏನೂ ಆಗಲ್ಲ ಅನ್ನೋ ನಂಬಿಕೆ ಬೆಳೆಯುತ್ತೆ ಅನ್ನೋದು ಅವರ ವಾದ. ಕೀಳರಿಮೆ ಬಡವರ ಮನೆಯಲ್ಲಿ ಮಾತ್ರ ಬೆಳೆಯೋ ಗಿಡ ಅಲ್ಲ.

ಒಪ್ಪದವರೂ ಇದ್ದರು

ಈ ಕೋಣೆಯಲ್ಲಿ ಮಗು ಮತ್ತು ಡಾಕ್ಟರ್ ಇಬ್ಬರೇ ಇರುತ್ತಿರಲಿಲ್ಲ. ಕಲಿಯಲು ಬಂದ ಬೇರೆ ಮೇಷ್ಟ್ರುಗಳು, ಡಾಕ್ಟರುಗಳು ಸುತ್ತ ಕೂತು ನೋಡುತ್ತಿದ್ದರು. ಇದಕ್ಕೆ ಬಹಳ ವಿರೋಧ ಬಂತು. ಮನೆಯ ಗುಟ್ಟನ್ನು ಹತ್ತು ಜನರ ಮುಂದೆ ಬಿಚ್ಚಿಸೋದು ಸರಿಯೇ ಅನ್ನೋ ಪ್ರಶ್ನೆ ಈಗಲೂ ಸಣ್ಣದಲ್ಲ. ನಿನ್ನ ಕಷ್ಟ ನಿನ್ನೊಬ್ಬನದಲ್ಲ, ಇಷ್ಟು ಜನ ದೊಡ್ಡವರು ನಿನಗೋಸ್ಕರ ಕೂತಿದ್ದಾರೆ ಅನ್ನೋದು ಮಗುವಿಗೆ ಕಾಣಲಿ ಅಂತ ಆಡ್ಲರ್ ಸಮರ್ಥಿಸಿಕೊಂಡರು. ಒಬ್ಬ ಮೇಷ್ಟ್ರು ಒಂದು ಮಗುವಿನ ಸಮಸ್ಯೆ ಬಿಡಿಸೋದನ್ನು ನೋಡಿ ಕಲಿತರೆ, ಅವರ ಕ್ಲಾಸಿನ ಉಳಿದ ಮಕ್ಕಳಿಗೂ ಅದು ಸಿಗುತ್ತೆ ಅನ್ನೋ ಲೆಕ್ಕವೂ ಇತ್ತು.

1931ರಲ್ಲಿ ಅವರ ಶಿಷ್ಯರಾದ ಒಸ್ಕರ್ ಸ್ಪೀಲ್, ಫರ್ಡಿನಂಡ್ ಬಿರ್ನ್‌ಬೌಮ್ ಮೊದಲಾದವರು ಇದೇ ತತ್ವದ ಮೇಲೆ ಒಂದು ಪ್ರಾಯೋಗಿಕ ಶಾಲೆಯನ್ನೇ ನಡೆಸಿದರು. ಅದೂ ಬಡವರ ಬಡಾವಣೆಯ ಮಾಮೂಲಿ ಸರ್ಕಾರಿ ಶಾಲೆ.

ಅಷ್ಟರಲ್ಲಿ ಆಡ್ಲರ್ ಜಗತ್ತಿಗೇ ಗೊತ್ತಾಗಿದ್ದರು. 1926ರಲ್ಲಿ ಮೊದಲ ಬಾರಿ ಅಮೆರಿಕಕ್ಕೆ ಹೋದರು. ಅಲ್ಲಿ ಅವರ ಭಾಷಣಕ್ಕೆ ಸಭಾಂಗಣಗಳು ತುಂಬುತ್ತಿದ್ದವು. 1932ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್ ವೈದ್ಯಕೀಯ ಕಾಲೇಜು ಅವರನ್ನು ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು. ಅವರ ಸ್ವಂತ ಊರಿನ ವಿಶ್ವವಿದ್ಯಾಲಯ ಕೊಡದ ಜಾಗ ಅದು.

ಬೀಗ ಬಿದ್ದ ವರ್ಷ

1934ರ ಫೆಬ್ರವರಿ. ಆಸ್ಟ್ರಿಯಾದಲ್ಲಿ ಸರ್ವಾಧಿಕಾರಿ ಸರ್ಕಾರಕ್ಕೂ ಸೋಷಿಯಲ್ ಡೆಮಾಕ್ರಟರಿಗೂ ಕೆಲವು ದಿನಗಳ ಅಂತರ್ಯುದ್ಧ ನಡೆಯಿತು. ಕಾರ್ಮಿಕರ ವಸತಿ ಕಟ್ಟಡಗಳ ಮೇಲೆ ಫಿರಂಗಿ ಹಾರಿತು. ನಗರದ ಆಡಳಿತ ಬಿತ್ತು, ಪಕ್ಷ ನಿಷೇಧವಾಯಿತು. ಅದರ ಜೊತೆ ಶಾಲಾ ಸುಧಾರಣೆಯೂ ಹೋಯಿತು, ಮಕ್ಕಳ ಮಾರ್ಗದರ್ಶನ ಕೇಂದ್ರಗಳೂ ಮುಚ್ಚಿದವು, ಪ್ರಾಯೋಗಿಕ ಶಾಲೆಗೂ ಅದೇ ಗತಿ.

ಹೆಚ್ಚುಕಮ್ಮಿ ಹದಿನೈದು ವರ್ಷ ಕಟ್ಟಿದ್ದು ಒಂದೇ ವರ್ಷದಲ್ಲಿ ಹೋಯಿತು. ಈ ಏರ್ಪಾಡಿನ ದೌರ್ಬಲ್ಯ ಕೂಡ ಇಲ್ಲೇ ಕಾಣುತ್ತೆ. ಸಂಬಳ ಇಲ್ಲದ ಕೆಲಸಗಾರರು, ಕೇಳಿ ಪಡೆದ ಕೋಣೆ, ಒಂದು ಆಡಳಿತದ ಒಲವು, ಇಷ್ಟರ ಮೇಲೆ ನಿಂತಿತ್ತು. ಆ ಒಲವು ಹೋದ ದಿನ ಕೋಣೆಯ ಬೀಗದ ಕೈ ಕೂಡ ಹೋಯಿತು. 1938ರಲ್ಲಿ ನಾಜಿಗಳು ವಿಯೆನ್ನಾಕ್ಕೆ ಬಂದ ಮೇಲೆ, ಯಹೂದಿಗಳಾಗಿದ್ದ ಆಡ್ಲರ್ ಸಂಗಡಿಗರಲ್ಲಿ ಹಲವರು ದೇಶ ಬಿಟ್ಟರು, ಕೆಲವರು ಪ್ರಾಣವನ್ನೇ ಬಿಟ್ಟರು.

ಮಗಳ ಪತ್ರ ಬರಲಿಲ್ಲ

1935ರಲ್ಲಿ ರೈಸಾ ಮತ್ತು ಇಬ್ಬರು ಮಕ್ಕಳು ಅಮೆರಿಕದಲ್ಲಿದ್ದ ಆಡ್ಲರ್ ಅವರನ್ನು ಸೇರಿಕೊಂಡರು. ದೊಡ್ಡ ಮಗಳು ವಾಲಿ ಗಂಡನ ಜೊತೆ ಮಾಸ್ಕೋದಲ್ಲಿದ್ದಳು. ಇಬ್ಬರೂ ಕಮ್ಯುನಿಸ್ಟರು. 1937ರ ಆರಂಭದಲ್ಲಿ ಅವಳಿಂದ ಪತ್ರ ಬರೋದು ನಿಂತಿತು. ಸ್ಟಾಲಿನ್ ಕಾಲದ ಬಂಧನಗಳ ಹೊತ್ತು ಅದು. ಅಪ್ಪ ಗೊತ್ತಿದ್ದವರಿಗೆಲ್ಲ ಬರೆದರು, ವಿಚಾರಿಸಿದರು. ನಿದ್ದೆ ಬರದಾಯಿತು. ಆದರೂ ಒಪ್ಪಿಕೊಂಡಿದ್ದ ಭಾಷಣಗಳನ್ನು ಬಿಡದೆ ಯುರೋಪಿಗೆ ಹೋದರು.

1937ರ ಮೇ 28ರ ಬೆಳಿಗ್ಗೆ, ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಯೂನಿಯನ್ ರಸ್ತೆಯಲ್ಲಿ ವಾಕಿಂಗ್ ಹೋಗುತ್ತಿದ್ದಾಗ ಕುಸಿದು ಬಿದ್ದರು. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಯಿತು. 67 ವರ್ಷ. ಮಗಳಿಗೆ ಏನಾಯಿತು ಅನ್ನೋದು ಅವರಿಗೆ ಗೊತ್ತಾಗಲೇ ಇಲ್ಲ. ಅವಳು 1942ರಲ್ಲಿ ಸೋವಿಯತ್ ಶಿಬಿರವೊಂದರಲ್ಲಿ ತೀರಿಕೊಂಡಿದ್ದಳು. ಮನೆಯವರಿಗೆ ಆ ಸುದ್ದಿ ಸಿಕ್ಕಿದ್ದು ಎಷ್ಟೋ ವರ್ಷ ಆದ ಮೇಲೆ. ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಕೂಡ ಅದನ್ನು ಹುಡುಕಿಸಲು ನೆರವಾಗಿದ್ದರು.

ಆಡ್ಲರ್ ಅವರ ಅಂತ್ಯಕ್ರಿಯೆ ಎಡಿನ್‌ಬರೋದಲ್ಲಿ ನಡೆಯಿತು. ಚಿತಾಭಸ್ಮ ಅಲ್ಲೇ ಉಳಿದು, ಎಲ್ಲಿದೆ ಅನ್ನೋದೇ ಮರೆತುಹೋಗಿತ್ತು. 2007ರಲ್ಲಿ ಪತ್ತೆಯಾಗಿ, 2011ರಲ್ಲಿ ವಿಯೆನ್ನಾಕ್ಕೆ ಮರಳಿತು.

ಉಳಿದದ್ದು

ಮಗಳು ಅಲೆಕ್ಸಾಂಡ್ರಾ, ಮಗ ಕುರ್ಟ್ ಇಬ್ಬರೂ ಅಮೆರಿಕದಲ್ಲಿ ಮನೋವೈದ್ಯರಾಗಿ ಅಪ್ಪನ ದಾರಿಯಲ್ಲೇ ನಡೆದರು. ವಿಯೆನ್ನಾದ ಕೇಂದ್ರಗಳಲ್ಲಿ ಕೆಲಸ ಮಾಡಿದ್ದ ರುಡಾಲ್ಫ್ ಡ್ರೈಕರ್ಸ್ ಷಿಕಾಗೊಗೆ ಹೋಗಿ ಅಲ್ಲಿ ಅಂಥವೇ ಕೇಂದ್ರಗಳನ್ನು ತೆರೆದರು. ಅಲ್ಲಿ ಒಂದು ಮನೆಯವರ ಸಮಸ್ಯೆ ಕೇಳುತ್ತಾ ಬೇರೆ ಮನೆಯವರೂ ಕಲಿಯುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಸ್ಕರ್ ಸ್ಪೀಲ್ ವಿಯೆನ್ನಾದಲ್ಲಿ ಪ್ರಾಯೋಗಿಕ ಶಾಲೆಯನ್ನು ಮತ್ತೆ ಶುರು ಮಾಡಿದರು. ಮಕ್ಕಳ ಮಾನಸಿಕ ಆರೋಗ್ಯ ಅಂದ್ರೆ ಮನೆ, ಶಾಲೆ, ಆಸ್ಪತ್ರೆ ಜೊತೆಯಾಗಿ ಮಾಡುವ ಕೆಲಸ ಅಂತ ಇವತ್ತು ಎಲ್ಲ ದೇಶದ ತಜ್ಞರೂ ಹೇಳುತ್ತಾರೆ. ಹೇಳೋದು ಸುಲಭ, ಮೂವರನ್ನೂ ಒಂದೇ ಹೊತ್ತಿಗೆ ಒಂದೇ ಕಡೆ ಕೂರಿಸೋದೇ ಕಷ್ಟ. ಆ ಕಷ್ಟದ ಭಾಗವನ್ನು ಆಡ್ಲರ್ ಮಾಡಿ ತೋರಿಸಿದ್ದರು.

ಆ ಪದವನ್ನು ಮಕ್ಕಳ ಮೇಲೆ ಹಣೆಪಟ್ಟಿ ಹಾಗೆ ಅಂಟಿಸೋದು ಅವರ ಉದ್ದೇಶವೇ ಆಗಿರಲಿಲ್ಲ. ನಾನು ಕಮ್ಮಿ ಅನ್ನೋ ಭಾವನೆ ಎಲ್ಲ ಮಕ್ಕಳಿಗೂ ಸಹಜ, ಯಾಕಂದ್ರೆ ಸುತ್ತ ಇರೋರೆಲ್ಲ ತನಗಿಂತ ದೊಡ್ಡವರು, ಅನ್ನೋದು ಅವರ ಮಾತಿನ ಸಾರ. ಅದು ಗಟ್ಟಿಯಾಗಿ ಕೂರೋದು, ಕರಗಿ ಹೋಗೋದು ಆ ದೊಡ್ಡವರ ಕೈಯಲ್ಲೇ ಇದೆ. ನಮ್ಮ ಓಣಿಯ ಹುಡುಗನೊಬ್ಬನಿಗೆ ಕೀಳರಿಮೆ ಅಂತ ಹೇಳುವಾಗ, ಅವನ ಮೇಷ್ಟ್ರೂ ಅವನ ತಾಯಿಯೂ ಕೊನೇ ಸಲ ಎದುರು ಬದುರು ಕೂತು ಮಾತಾಡಿದ್ದು ಯಾವಾಗ ಅಂತಲೂ ಕೇಳಬೇಕು. ವಿಯೆನ್ನಾದಲ್ಲಿ ಅದಕ್ಕೆ ಬೇಕಾಗಿದ್ದದ್ದು ಶಾಲೆ ಬಿಟ್ಟ ಮೇಲಿನ ಒಂದು ಖಾಲಿ ಕೋಣೆ ಮತ್ತು ಒಂದಷ್ಟು ಕುರ್ಚಿ.